ದವಾಖಾನೆಯ ಮೆಟ್ಟಿಲು ಹತ್ತುವ ಮುನ್ನ

ಪುಣೆಗೆ ಆಪರೇಶನ್ನಿಗೆಂದು ಬರುವ ಕನ್ನಡದ ಬಂಧುಗಳಿಗೆ, ಅವರನ್ನು ಬರಮಾಡಿಕೊಳ್ಳುವ ಪುಣೆಯ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಮೊಣಕಾಲು ಸವೆದಿದೆ, ಬದಲಿಸಬೇಕು. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಬೇಕು. ಹೃದಯದ ರಕ್ತನಾಳ ಕಟ್ಟಿದೆ, ಬೈಪಾಸ್ ಆಗಬೇಕು. ಊರಿನ ಡಾಕ್ಟರು ಹೀಗೆ ಹೇಳಿದ ದಿನ ವಿಜಯಪುರ, ಕಲಬುರಗಿ, ಬೆಳಗಾವಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ, ಗಡಿಯಾಚೆಗಿನ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಮನೆಗಳಲ್ಲಿ ಬರುವ ಮಾತು, "ಪುಣೆಕ್ಕ ಹೋಗೂಣು." ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ ಹಾದು ಪುಣೆಗೆ ಬರುತ್ತದೆ. 2024ರ ಸೆಪ್ಟೆಂಬರಿನಿಂದ ಧಾರವಾಡ, ಬೆಳಗಾವಿ, ಮೀರಜ್ ಮಾರ್ಗವಾಗಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಓಡುತ್ತಿದೆ. ರೈಲಿನಿಂದ ಇಳಿಯುವವರಲ್ಲಿ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಹೆಗಲಿಗೆ ಬುತ್ತಿಯ ಚೀಲ ಹಿಡಿದ ಕುಟುಂಬಗಳನ್ನು ನಾವು ಪುಣೆಯವರು ಮೊದಲಿನಿಂದಲೂ ನೋಡುತ್ತ ಬಂದಿದ್ದೇವೆ.

ಪುಣೆಯ ಮೇಲಿನ ಈ ನಂಬಿಕೆಗೆ ಕಾರಣವಿದೆ. ಸರ್ಕಾರಿ ಸಸೂನ್ ಆಸ್ಪತ್ರೆ 1867ರದು. ಕೆಇಎಂ 1912ರಲ್ಲಿ, ಜಹಾಂಗೀರ್ 1946ರಲ್ಲಿ, ರೂಬಿ ಹಾಲ್ 1959ರಲ್ಲಿ, ಮೂಳೆ ಚಿಕಿತ್ಸೆಗೆ ಹೆಸರಾದ ಸಂಚೇತಿ 1965ರಲ್ಲಿ, ಎರಂಡವಣೆಯ ದೀನಾನಾಥ ಮಂಗೇಶಕರ ಆಸ್ಪತ್ರೆ 2001ರಲ್ಲಿ ಶುರುವಾದವು. ನುರಿತ ವೈದ್ಯರು, ಒಳ್ಳೆಯ ಯಂತ್ರಗಳು ಇಲ್ಲಿವೆ. ಆದರೆ ಖಾಸಗಿ ಆಸ್ಪತ್ರೆಯೊಳಗೆ ಕಾಲಿಟ್ಟ ರೋಗಿಗೆ ವೈದ್ಯರ ಕೈಗುಣವೊಂದೇ ಸಾಲದು. ಕಾಗದ, ಹಣ, ಭಾಷೆ, ವಿಮೆ ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಒಳ್ಳೆಯ ಚಿಕಿತ್ಸೆ ಪಡೆದ ಮನೆಯೂ ನೊಂದು ಹೋಗುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅಪಘಾತವಾಗಿ ಬಂದವನಿಗೆ, ಎದೆ ಹಿಡಿದುಕೊಂಡು ಬಂದವನಿಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ತಾರೀಕು ನಿಗದಿ ಮಾಡಿಕೊಂಡು ಆಪರೇಶನ್ನಿಗೆ ಬರುವವರ ಕೈಯಲ್ಲಿ ಸಮಯವಿರುತ್ತದೆ. ದೊಡ್ಡ ಆಸ್ಪತ್ರೆಯ ಎದುರು ಸಾಮಾನ್ಯ ಮನೆಯೊಂದಕ್ಕೆ ಇರುವ ಬಲ ಆ ಸಮಯವೇ, ಮತ್ತು ಅದು ಅಡ್ಮಿಟ್ ಆಗುವ ತನಕ ಮಾತ್ರ. ಹಾಸಿಗೆಯ ಮೇಲೆ ಮಲಗಿ ಕೈಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಕೇಳುವ ಪ್ರಶ್ನೆಗೆ ತೂಕ ಕಡಿಮೆ. ಕೇಳುವುದನ್ನೆಲ್ಲ ಅದಕ್ಕೂ ಮೊದಲೇ ಕೇಳಿ ಮುಗಿಸಿರಿ.

ಮೊದಲ ಪ್ರಶ್ನೆ ಆಪರೇಶನ್ ಬೇಕೇ ಎಂಬುದು. ಈಗಲೇ ಮಾಡಿಸದಿದ್ದರೆ ಏನಾಗುತ್ತದೆ? ಮೂರು ತಿಂಗಳು ತಡೆದರೆ ಅಪಾಯವೇ? ಔಷಧಿಯಲ್ಲಿ, ವ್ಯಾಯಾಮದಲ್ಲಿ ಗುಣವಾಗುವ ದಾರಿಯಿದೆಯೇ? ಇದನ್ನು ವೈದ್ಯರನ್ನು ನೇರವಾಗಿ ಕೇಳಿರಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಅದೂ ಒಂದು ಹಕ್ಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ಒತ್ತಿ ಹೇಳುತ್ತೇನೆ. 2019ರಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಅದೆಷ್ಟೋ ಜನ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು ಬೆಳಕಿಗೆ ಬಂದು, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಅದಕ್ಕೂ ಮೊದಲೇ ಇಂಥ ದೂರುಗಳು ಬಂದಿದ್ದವು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವಳಿಗೆ "ತೆಗೆಸಿಬಿಡಿ, ಕ್ಯಾನ್ಸರ್ ಆದೀತು" ಎಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆಯ ಆಧಾರದ ಮೇಲೆ ಹೇಳುತ್ತಿದ್ದೀರಿ ಎಂದು ಕೇಳಿರಿ. ರಿಪೋರ್ಟನ್ನು ಇನ್ನೊಬ್ಬರಿಗೆ ತೋರಿಸುವ ತನಕ ತಾರೀಕು ಕೊಡಬೇಡಿ.

ಎರಡನೆಯದು ಆಸ್ಪತ್ರೆಯ ಆಯ್ಕೆ. ಪುಣೆಯ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಹಲವು ಸಾರ್ವಜನಿಕ ಟ್ರಸ್ಟುಗಳಿಗೆ ಸೇರಿದವು. ಮರಾಠಿಯಲ್ಲಿ ಅವನ್ನು ಧರ್ಮಾದಾಯ ರುಗ್ಣಾಲಯ ಎನ್ನುತ್ತಾರೆ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮು ಮತ್ತು ಬಾಂಬೆ ಹೈಕೋರ್ಟು 2006ರಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಇಂಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕಾದಿರಿಸಬೇಕು. ಒಟ್ಟು ಬಿಲ್ಲಿನ ಮೊತ್ತದಲ್ಲಿ ಶೇ. 2ರಷ್ಟನ್ನು ಬಡ ರೋಗಿಗಳ ನಿಧಿಗೆ ಹಾಕಬೇಕು. ಕಡುಬಡವರಿಗೆ ಹಾಸಿಗೆ, ಊಟ, ಶುಶ್ರೂಷೆ, ಸಾಮಾನ್ಯ ಪರೀಕ್ಷೆಗಳು ಉಚಿತ. ಔಷಧಿ, ಇಂಪ್ಲಾಂಟುಗಳ ಖರ್ಚು ಆಸ್ಪತ್ರೆ ಕೊಂಡ ಬೆಲೆಯಲ್ಲೇ ಆ ನಿಧಿಯಿಂದ ಹೋಗಬೇಕು. ಈ ಎರಡೂ ವರ್ಗದವರಿಂದ ಡಿಪಾಜಿಟ್ ಕೇಳಬಾರದೆಂದೂ ಯೋಜನೆಯಲ್ಲಿದೆ. ಹೀಗಿದ್ದೂ 2025ರಲ್ಲಿ ಪುಣೆಯ ಧರ್ಮಾದಾಯ ಆಸ್ಪತ್ರೆಯೊಂದು ಗರ್ಭಿಣಿಯೊಬ್ಬರ ಮನೆಯವರಿಂದ 10 ಲಕ್ಷ ರೂಪಾಯಿ ಮುಂಗಡ ಕೇಳಿತೆಂಬ ಆರೋಪ ಬಂತು. ಬೇರೆ ಕಡೆ ಹೆರಿಗೆಯಾದ ಮೇಲೆ ಆ ತಾಯಿ ತೀರಿಹೋದರು. ಊರೆಲ್ಲ ಕುದಿಯಿತು, ಸರ್ಕಾರ ವಿಚಾರಣೆ ನಡೆಸಿತು. ಕಾನೂನು ಇದ್ದರೆ ಸಾಲದು, ಅದನ್ನು ಕೇಳಿ ಪಡೆಯುವವರೂ ಬೇಕು ಎಂಬುದನ್ನು ಪುಣೆ ಆಗ ಬಹಳ ದೊಡ್ಡ ಬೆಲೆ ಕೊಟ್ಟು ಕಂಡಿತು.

ನೀವು ಈ ಸೌಲಭ್ಯಕ್ಕೆ ಅರ್ಹರೆಂದು ಅನಿಸಿದರೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್ ಇವನ್ನು ಊರಿನಿಂದಲೇ ತನ್ನಿ. ಆಸ್ಪತ್ರೆಯಲ್ಲಿ ಸಮಾಜಸೇವಾ ವಿಭಾಗ ಎಲ್ಲಿದೆ ಎಂದು ಕೇಳಿ, ಮೆಡಿಕಲ್ ಸೋಶಿಯಲ್ ವರ್ಕರನ್ನು ಅಡ್ಮಿಟ್ ಆಗುವ ಮೊದಲೇ ಕಾಣಿರಿ. ಬಿಲ್ಲು ಬಂದ ಮೇಲೆ ಅರ್ಜಿ ಹಿಡಿದು ಹೋದರೆ ಕೆಲಸ ಕೆಡುತ್ತದೆ. ಕರ್ನಾಟಕದ ದಾಖಲೆ ಇರುವವರು ಅದು ಇಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ವಿಚಾರಿಸಿಕೊಳ್ಳಿ. ಆಯುಷ್ಮಾನ್ ಕಾರ್ಡು ಇದ್ದವರು ಎರಡು ಪ್ರಶ್ನೆ ಕೇಳಬೇಕು. ಈ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ? ನಮಗೆ ಬೇಕಾದ ಆಪರೇಶನ್ ಈ ಆಸ್ಪತ್ರೆಯಲ್ಲಿ ಆ ಕಾರ್ಡಿನ ಮೇಲೆ ಆಗುತ್ತದೆಯೇ? ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಎರಡನೆಯದಕ್ಕೂ ಬಂದಂತಲ್ಲ. ಕರ್ನಾಟಕದ ಕಾರ್ಡಿಗೆ ಊರಿನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು. ಅದು ಪುಣೆಗೆ ಬಂದ ಮೇಲೆ ಗೊತ್ತಾದರೆ ರೋಗಿಯನ್ನು ಕಟ್ಟಿಕೊಂಡು ಮತ್ತೆ ಮುನ್ನೂರು ಕಿಲೋಮೀಟರ್ ಹಿಂದಕ್ಕೆ ಹೋಗಬೇಕಾಗುತ್ತದೆ.

ಇನ್ನು ಹಣದ ಮಾತು. ಖರ್ಚು ಎಷ್ಟಾದೀತು ಎಂದು ಬಾಯಿಮಾತಿನಲ್ಲಿ ಕೇಳಬೇಡಿ, ಅಂದಾಜನ್ನು ಕಾಗದದ ಮೇಲೆ ಪಡೆಯಿರಿ. ಪ್ಯಾಕೇಜ್ ಎಂದು ಹೇಳಿದರೆ ಅದರಲ್ಲಿ ಎಷ್ಟು ದಿನದ ವಾಸ, ಯಾವ ಇಂಪ್ಲಾಂಟು, ಎಷ್ಟು ಪರೀಕ್ಷೆ ಸೇರಿವೆ, ಐಸಿಯು ಬೇಕಾದರೆ, ರಕ್ತ ಬೇಕಾದರೆ, ಬೇರೆ ತಜ್ಞರು ಬಂದು ನೋಡಿದರೆ ಎಷ್ಟಾಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ನಮ್ಮ ಜನಕ್ಕೆ ಬಹುಪಾಲು ತಿಳಿಯದ ಸಂಗತಿ ಒಂದಿದೆ. ಖಾಸಗಿ ಆಸ್ಪತ್ರೆಗಳಲ್ಲಿ ನೀವು ಆರಿಸಿಕೊಂಡ ಕೋಣೆಯ ದರ್ಜೆಯ ಮೇಲೆ ಸರ್ಜನ್ನರ ಶುಲ್ಕ, ಆಪರೇಶನ್ ಥಿಯೇಟರಿನ ಬಾಡಿಗೆ, ವೈದ್ಯರ ದಿನದ ಭೇಟಿಯ ಶುಲ್ಕ ಎಲ್ಲವೂ ಏರಿಳಿಯುತ್ತವೆ. ಅದೇ ಸರ್ಜನ್ನರು, ಅದೇ ಥಿಯೇಟರು, ಅದೇ ಹೊಲಿಗೆ, ಆದರೆ ಜನರಲ್ ವಾರ್ಡಿನವರ ಬಿಲ್ಲು ಬೇರೆ, ಸಿಂಗಲ್ ರೂಮಿನವರ ಬಿಲ್ಲು ಬೇರೆ. "ನಮ್ಮ ಅವ್ವನಿಗೆ ಒಳ್ಳೆ ರೂಮೇ ಇರಲಿ" ಎನ್ನುವ ಮಗನ ಪ್ರೀತಿಯನ್ನು ನಾನು ಬಲ್ಲೆ. ಆದರೆ ಅದರ ಬೆಲೆ ರೂಮಿನ ಬಾಡಿಗೆಯಷ್ಟೇ ಅಲ್ಲ ಎಂಬುದು ಆ ಮಗನಿಗೆ ಮೊದಲೇ ತಿಳಿದಿರಬೇಕು. ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆಗೆ, ಐಸಿಯು ಬಿಟ್ಟು, 2022ರ ಜುಲೈಯಿಂದ ಶೇ. 5ರ ಜಿಎಸ್‌ಟಿಯೂ ಇದೆ.

ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಸನ್ನದನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ಆ ಫಲಕ ಎಲ್ಲಿದೆ ಎಂದು ನೋಡಿ, ಫೋಟೊ ತೆಗೆದುಕೊಳ್ಳಿ. ಇಂಪ್ಲಾಂಟಿನ ಬೆಲೆಯನ್ನೂ ವಿಚಾರಿಸಿರಿ. 2017ರಲ್ಲಿ ಕೇಂದ್ರ ಸರ್ಕಾರದ ಔಷಧಿ ಬೆಲೆ ಪ್ರಾಧಿಕಾರ ಮೊಣಕಾಲಿನ ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಬಗೆಯ ಇಂಪ್ಲಾಂಟು 54,720 ರೂಪಾಯಿಗೆ ಇಳಿಯಿತು. ಆಮೇಲೆ ದರಗಳು ಪರಿಷ್ಕರಣೆಯಾಗಿವೆ, ಆದ್ದರಿಂದ ಇಂದಿನ ದರವನ್ನು ಕೇಳಿಯೇ ಒಪ್ಪಿರಿ. ಹೊಲ ಅಡವಿಟ್ಟು, ಎತ್ತು ಮಾರಿ ತಂದ ದುಡ್ಡನ್ನು ಗಂಟು ಕಟ್ಟಿಕೊಂಡು ಬರುವವರಿಗೆ ಇನ್ನೊಂದು ಮಾತು: ಆದಾಯ ತೆರಿಗೆ ಕಾನೂನಿನಂತೆ ಒಂದು ಚಿಕಿತ್ಸೆಗೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ಆಸ್ಪತ್ರೆ ನಗದಾಗಿ ಪಡೆಯುವಂತಿಲ್ಲ. ಹಣವನ್ನು ಬ್ಯಾಂಕಿನಲ್ಲೇ ಇಡಿ, ಕಾರ್ಡಿನಿಂದ ಅಥವಾ ಖಾತೆಯಿಂದ ಕಟ್ಟಿರಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿರಿ.

ವಿಮೆ ಇರುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಸಂಕಟ ನಾನು ಕಂಡಿರುವುದು ಇಲ್ಲಿಯೇ. ಯೋಜಿತ ಚಿಕಿತ್ಸೆಯಾದರೆ ಕನಿಷ್ಠ 48 ಗಂಟೆ ಮೊದಲು ವಿಮಾ ಕಂಪನಿಗೆ ತಿಳಿಸಿರಿ. 2024ರ ಜನವರಿಯಲ್ಲಿ ಬಂದ ವ್ಯವಸ್ಥೆಯಂತೆ, ಹೀಗೆ ಮೊದಲೇ ತಿಳಿಸಿದರೆ ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ, ಕೇಳಬಹುದು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆಯ ಕೊನೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ತೀರ್ಮಾನಿಸಬೇಕು. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಹೊರಬೇಕಾದದ್ದು ಕಂಪನಿಯೇ.

ಪಾಲಿಸಿಯಲ್ಲಿ ಮೊದಲು ಹುಡುಕಬೇಕಾದದ್ದು ಕೋಣೆ ಬಾಡಿಗೆಯ ಮಿತಿ. ಮಿತಿ ದಿನಕ್ಕೆ 5,000 ಇದ್ದು ನೀವು 10,000 ರೂಪಾಯಿಯ ಕೋಣೆ ಹಿಡಿದರೆ ಕೈಯಿಂದ ಹೋಗುವುದು ದಿನಕ್ಕೆ 5,000 ಮಾತ್ರ ಎಂದುಕೊಳ್ಳಬೇಡಿ. ಸರ್ಜನ್ನರ ಶುಲ್ಕ, ಥಿಯೇಟರಿನ ಬಾಡಿಗೆ, ಶುಶ್ರೂಷೆ ಇವುಗಳಲ್ಲೂ ಅರ್ಧ ಕಡಿತವಾಗಬಹುದು. ಔಷಧಿ, ಇಂಪ್ಲಾಂಟು, ಪರೀಕ್ಷೆಗಳಿಗೆ ಇಂಥ ಕಡಿತ ಹಾಕುವಂತಿಲ್ಲ. ಕೈಗವಸು, ಡಯಪರ್ ಮೊದಲಾದ 68 ಬಗೆಯ ವಸ್ತುಗಳ ಪಟ್ಟಿಯೊಂದಿದೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿರದಿದ್ದರೆ ಅವುಗಳ ಖರ್ಚು ನಿಮ್ಮದೇ. ಕ್ಯಾಶ್‌ಲೆಸ್ ಎಂದರೆ ಬರಿಗೈಯಲ್ಲಿ ಬರಬಹುದು ಎಂದಲ್ಲ.

ವಿಮೆಯ ಅರ್ಜಿಗಳು ತಡೆಯುವುದು ಬಹಳ ಸಲ ಎರಡು ಸಣ್ಣ ಕಾರಣಗಳಿಗೆ. ಒಂದು, ಹೆಸರು. ನಮ್ಮ ಕಡೆ ಆಧಾರಿನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಪಾಲಿಸಿಯಲ್ಲಿ ಮನೆತನದ ಹೆಸರಿರುತ್ತದೆ, ಊರಿನ ದವಾಖಾನೆಯ ಚೀಟಿಯಲ್ಲಿ ಬರೀ ಕರೆಯುವ ಹೆಸರಿರುತ್ತದೆ. ಮೂರನ್ನೂ ಮುಂಚೆಯೇ ಹೊಂದಿಸಿಕೊಳ್ಳಿ. ಇನ್ನೊಂದು, ಕಾಯಿಲೆ ಶುರುವಾದ ಕಾಲ. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದು ಕೇಳಿದಾಗ ಜೊತೆಗೆ ಬಂದ ಅಳಿಯನೋ ಮೈದುನನೋ "ಹತ್ತು ವರ್ಷ ಆಗಿರಬೇಕು" ಎಂದು ಅಂದಾಜಿನಲ್ಲಿ ಹೇಳಿಬಿಡುತ್ತಾನೆ. ಅದು ಕೇಸ್ ಪೇಪರಿನಲ್ಲಿ ಇಳಿಯುತ್ತದೆ. ಪಾಲಿಸಿ ಮಾಡಿಸಿ ಇನ್ನೂ ಐದು ವರ್ಷ ತುಂಬಿರದಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂಬ ತಕರಾರು ಬರುತ್ತದೆ. ಸುಳ್ಳು ಹೇಳಬೇಡಿ, ಅಂದಾಜನ್ನೂ ಹೇಳಬೇಡಿ. ಹಳೆಯ ಚೀಟಿ ತಂದು ತೋರಿಸಿ ನಿಜವಾದ ತಾರೀಕು ಬರೆಸಿರಿ. ಐದು ವರ್ಷ ಎಡೆಬಿಡದೆ ನಡೆದ ಪಾಲಿಸಿಯ ಮೇಲೆ, ವಂಚನೆ ರುಜುವಾತಾಗದ ಹೊರತು, ಇಂಥ ತಕರಾರು ಎತ್ತುವಂತಿಲ್ಲ ಎಂಬ ನಿಯಮ 2024ರಿಂದ ಇದೆ. ಅದೂ ನೆನಪಿರಲಿ. ಕಂಪನಿ ಅನ್ಯಾಯ ಮಾಡಿತೆಂದು ಅನಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಕಚೇರಿ ಪುಣೆಯಲ್ಲೇ, ನಾರಾಯಣ ಪೇಠೆಯಲ್ಲಿದೆ. 50 ಲಕ್ಷದವರೆಗಿನ ದೂರನ್ನು ಅಲ್ಲಿ ಖರ್ಚಿಲ್ಲದೆ, ವಕೀಲರಿಲ್ಲದೆ ಕೊಡಬಹುದು.

ದೇಹದ ಸಿದ್ಧತೆ ಹಣದ ಸಿದ್ಧತೆಗಿಂತ ಮುಖ್ಯ. ಆಪರೇಶನ್ನಿಗೆ ಮೊದಲು ಅರಿವಳಿಕೆ ತಜ್ಞರು ರೋಗಿಯನ್ನು ಪರೀಕ್ಷಿಸುತ್ತಾರೆ. ಆ ಭೇಟಿಗೆ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುಗೊಳಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು ಆಪರೇಶನ್ನಿಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಬಿ.ಪಿ. ಗುಳಿಗೆಗಳಲ್ಲಿ ಕೆಲವನ್ನು ಆ ದಿನ ಬೆಳಿಗ್ಗೆಯೂ ನುಂಗಬೇಕಾಗುತ್ತದೆ. ಯಾವುದು, ಯಾವಾಗ ಎಂಬುದನ್ನು ಅವರೇ ಹೇಳಬೇಕು. ಪಕ್ಕದ ಮನೆಯವರ ಅನುಭವ ಕೇಳಿ ನೀವಾಗಿಯೇ ಬಿಡಬೇಡಿ. ಆಯುರ್ವೇದದ ಚೂರ್ಣ, ನಾಟಿ ಔಷಧಿ, ಮೊಣಕಾಲ ನೋವಿಗೆ ಸಂತೆಯಲ್ಲಿ ಕೊಂಡ ಪುಡಿ ಇದ್ದರೆ ಅದನ್ನೂ ಹೇಳಿ. ಹಿಂದೆ ಯಾವುದಾದರೂ ಇಂಜೆಕ್ಷನ್ನಿನಿಂದ ಮೈ ದದ್ದೆದ್ದಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ, ಕಟ್ಟಿಸಿದ ಹಲ್ಲಿದ್ದರೆ ಹೇಳಿ.

ತಂಬಾಕಿನ ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ. ಬೀಡಿ, ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು, ಹಲ್ಲಿಗೆ ಹಚ್ಚುವ ಮಶೇರಿ ಎಲ್ಲವನ್ನೂ ತಾರೀಕು ನಿಗದಿಯಾದ ದಿನವೇ ಬಿಡಿ. ಆಪರೇಶನ್ನಿಗೆ ನಾಲ್ಕು ವಾರ ಮೊದಲು ಧೂಮಪಾನ ಬಿಟ್ಟವರಿಗೆ ಆಮೇಲಿನ ತೊಂದರೆಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗಾಯ ಬೇಗ ಮಾಯುತ್ತದೆ, ಶ್ವಾಸಕೋಶ ಚೇತರಿಸಿಕೊಳ್ಳುತ್ತದೆ. ದುಡ್ಡು ಬೇಡದ ಸಿದ್ಧತೆ ಇದು.

ಉಪವಾಸವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಗಟ್ಟಿ ಆಹಾರ ಕನಿಷ್ಠ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಬೇಕೆಂಬುದು ಸಾಮಾನ್ಯ ನಿಯಮ. ನಿಮ್ಮ ಆಸ್ಪತ್ರೆ ಹೇಳಿದ ಹೊತ್ತೇ ನಿಮಗೆ ನಿಯಮ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕಕ್ಕೆ ಬರುತ್ತದೆ. "ಪಾಪ, ಬೆಳಗಿನಿಂದ ಏನೂ ತಿಂದಿಲ್ಲ" ಎಂದು ಮರುಗಿ ಅರ್ಧ ಕಪ್ ಚಹಾ, ಒಂದು ಬಿಸ್ಕತ್ತು ಕೊಟ್ಟುಬಿಡುತ್ತೇವೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಆ ಮರುಕವನ್ನು ಒಂದು ದಿನ ಹತ್ತಿಕ್ಕಿರಿ.

ಅಕ್ಕ ತಂಗಿಯರಿಗೆ, ಅವ್ವಂದಿರಿಗೆ ಇನ್ನೊಂದು ಮಾತು. ಥಿಯೇಟರಿಗೆ ಹೋಗುವ ಮುನ್ನ ತಾಳಿ, ಬಳೆ, ಕಾಲುಂಗುರ, ಮೂಗುತಿ ತೆಗೆಯಬೇಕಾಗುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುವಾಗ ಲೋಹ ತಾಗಿದ ಕಡೆ ಸುಡಬಹುದು. ಬೆರಳು ಊದಿದರೆ ಉಂಗುರ ಬಿಗಿಯುತ್ತದೆ. ತಾಳಿ ತೆಗೆಯುವುದು ಅಪಶಕುನವೆಂದು ಆ ಹೊತ್ತಿನಲ್ಲಿ ಅತ್ತು, ಹೆದರಿ, ಬಿ.ಪಿ. ಏರಿಸಿಕೊಳ್ಳುವವರನ್ನು ನೋಡಿದ್ದೇನೆ. ಮನೆಯಲ್ಲಿ ಹಿರಿಯರೊಂದಿಗೆ ಕೂತು ಮೊದಲೇ ಮಾತಾಡಿಕೊಳ್ಳಿ. ದೇವರ ಮುಂದೆ ತೆಗೆದಿಟ್ಟು, ಅರಿಶಿನದ ದಾರ ಕಟ್ಟಿಕೊಂಡು ಬನ್ನಿ. ಅದನ್ನೂ ತೆಗೆಯಲು ಹೇಳಿದರೆ ತೆಗೆಯಿರಿ. ಚಿನ್ನವನ್ನು ಊರಲ್ಲೇ ಬಿಟ್ಟು ಬನ್ನಿ. ಉಗುರಿನ ಬಣ್ಣ ಅಳಿಸಿರಿ, ಬೆರಳಿಗೆ ಹಾಕುವ ಆಮ್ಲಜನಕದ ಮಾಪಕ ಸರಿಯಾಗಿ ಓದಬೇಕು.

ಈಗ ಭಾಷೆ. ಗಡಿಭಾಗದ ಗಂಡಸರಿಗೆ ಮರಾಠಿ ಬರುತ್ತದೆ, ಹುಡುಗರಿಗೆ ಹಿಂದಿ ಬರುತ್ತದೆ. ಹಾಸಿಗೆ ಮೇಲೆ ಮಲಗುವ ಅಜ್ಜಿಗೆ ಬಹಳ ಸಲ ಕನ್ನಡ ಬಿಟ್ಟು ಬೇರೆ ಮಾತು ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಲ್ಲಿ ನೋಯುತ್ತದೆ, ಎಂಥ ನೋವು ಎಂದು ನರ್ಸ್ ಕೇಳಿದಾಗ ಜೊತೆಗಿರುವವನಿಗೂ ಉತ್ತರಿಸಲಾಗದಿದ್ದರೆ ಚಿಕಿತ್ಸೆಯೇ ತಡವಾಗುತ್ತದೆ. ಆದ್ದರಿಂದ ಒಂದು ಹಾಳೆ ಸಿದ್ಧ ಮಾಡಿ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಅಥವಾ ಮರಾಠಿ. ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ನುಂಗುವ ಗುಳಿಗೆಗಳು, ಆಗದ ಔಷಧಿಗಳು, ಹಿಂದಿನ ಆಪರೇಶನ್ನುಗಳು, ಮನೆಯವರ ಫೋನ್ ನಂಬರು. ಅದರ ಕೆಳಗೆ ನೋವು, ಉರಿ, ತಲೆಸುತ್ತು, ವಾಂತಿ, ಉಸಿರುಗಟ್ಟುವುದು, ಮೂತ್ರ, ನೀರಡಿಕೆ ಎಂಬ ಮಾತುಗಳನ್ನು ಎರಡೂ ಭಾಷೆಯಲ್ಲಿ ಬರೆಯಿರಿ. ಓದು ಬಾರದ ಅಜ್ಜಿಗೆ ಯಾವ ಮಾತು ಎಲ್ಲಿದೆ ಎಂದು ತೋರಿಸಿಕೊಡಿ. ಹಾಳೆಯನ್ನು ತಲೆದಿಂಬಿನ ಹತ್ತಿರವೇ ಇಡಿ, ನಕಲೊಂದನ್ನು ನರ್ಸಿಗೆ ಕೊಡಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ಭಾಷೆ ಹಕ್ಕಿನ ಪ್ರಶ್ನೆಯಾಗುತ್ತದೆ. ಇಲ್ಲಿಯ ಫಾರಂಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರುತ್ತವೆ. ಕನ್ನಡದಲ್ಲಿ ಯಾರಾದರೂ ಓದಿ ಅರ್ಥ ಹೇಳುವ ತನಕ ಸಹಿ ಹಾಕಬೇಡಿ, ಖಾಲಿ ಬಿಟ್ಟ ಫಾರಂಗೆ ಎಂದೂ ಹಾಕಬೇಡಿ. ಮತ್ತೆ, ಸಹಿ ಮಾಡಬೇಕಾದವರು ರೋಗಿಯೇ. ನಮ್ಮಲ್ಲಿ ಹೆಂಡತಿಯ ಪರವಾಗಿ ಗಂಡ, ತಾಯಿಯ ಪರವಾಗಿ ಮಗ ಸಹಿ ಹಾಕುವುದು ರೂಢಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಈ ರೂಢಿ ಸಲ್ಲದೆಂದು ಸ್ಪಷ್ಟ ಮಾಡಿದೆ. ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಸಮೀರಾ ಒಪ್ಪಿಗೆ ಕೊಟ್ಟಿದ್ದರು. ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆಯಲಾಯಿತು. ತುರ್ತು ಅಪಾಯವಿಲ್ಲದಿರುವಾಗ, ವಯಸ್ಕಳಾದ ರೋಗಿ ಎಚ್ಚರಗೊಳ್ಳುವ ತನಕ ಕಾಯಬಹುದಾಗಿದ್ದಾಗ, ತಾಯಿಯ ಒಪ್ಪಿಗೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. ನಿಮ್ಮ ತಾಯಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ. ಆದರೆ ತನ್ನ ದೇಹಕ್ಕೆ ಏನು ಮಾಡುತ್ತಾರೆ ಎಂಬುದು ಆಕೆಗೆ ಆಕೆಯ ಮಾತಿನಲ್ಲಿ ತಿಳಿದಿರಲಿ.

ಅಡ್ಮಿಟ್ ಆದ ಮೇಲೆ ಬಹುತೇಕ ಆಸ್ಪತ್ರೆಗಳಲ್ಲಿ ರೋಗಿಯ ಬಳಿ ಒಬ್ಬರಿಗೇ ಪಾಸು. ಹತ್ತು ಜನ ಬಂದು ಗೇಟಿನ ಹೊರಗೆ ಕಾಯುವುದರಿಂದ ಯಾರಿಗೂ ಉಪಯೋಗವಿಲ್ಲ. ಇಬ್ಬರು ಸರದಿಯಂತೆ ಇರಲಿ, ಒಬ್ಬರಿಗೆ ಮರಾಠಿಯೋ ಹಿಂದಿಯೋ ಬರಲಿ. ಆದರೆ ರಕ್ತ ಕೊಡಬಲ್ಲ ಗಟ್ಟಿಮುಟ್ಟಾದ ಒಂದಿಬ್ಬರು ಕರೆದರೆ ಬರುವಂತಿರಲಿ. ಔಷಧಿಯನ್ನು ಆಸ್ಪತ್ರೆಯ ಅಂಗಡಿಯಿಂದಲೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ, ಹಕ್ಕುಗಳ ಸನ್ನದಿನಲ್ಲಿ ಇದೂ ಇದೆ. ಹೊರಗೆ ತರುವುದಾದರೆ ವೈದ್ಯರು ಬರೆದದ್ದನ್ನೇ, ಬಿಲ್ಲು ಸಹಿತ ತನ್ನಿ. ಬಳಸದೆ ಉಳಿದ ಔಷಧಿಯನ್ನು ವಾಪಸು ಕೊಟ್ಟು ಬಿಲ್ಲಿನಿಂದ ಕಳೆಸಿರಿ. ದಿನಕ್ಕೊಮ್ಮೆ ಬಿಲ್ಲಿಂಗ್ ಕೌಂಟರಿನಲ್ಲಿ ಅಲ್ಲಿಯವರೆಗಿನ ಮೊತ್ತ ಕೇಳಿರಿ.

ಬಿಡುಗಡೆಯ ದಿನ ಆತುರಪಡಬೇಡಿ. ಡಿಸ್ಚಾರ್ಜ್ ಸಾರಾಂಶ, ಎಲ್ಲ ರಿಪೋರ್ಟುಗಳು, ಫಿಲ್ಮು ಮತ್ತು ಸಿಡಿಗಳು, ವಿವರವಾದ ಬಿಲ್ಲು, ರಸೀದಿಗಳು, ಇಂಪ್ಲಾಂಟಿನ ಸ್ಟಿಕರ್ ಇವೆಲ್ಲ ಕೈಗೆ ಬಂದ ಮೇಲೆಯೇ ಹೊರಡಿ. ಕೇಸ್ ಪೇಪರುಗಳ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮ. ಆಪರೇಶನ್ನಿಗೆ ಮೊದಲಿನ ಮತ್ತು ನಂತರದ ಪರೀಕ್ಷೆ, ಔಷಧಿಗಳ ಖರ್ಚನ್ನೂ ಬಹುಪಾಲು ಪಾಲಿಸಿಗಳು ಕೆಲವು ವಾರಗಳ ಮಟ್ಟಿಗೆ ಕೊಡುತ್ತವೆ, ಆ ಬಿಲ್ಲುಗಳನ್ನು ಎಸೆಯಬೇಡಿ. ಊರಿಗೆ ಯಾವಾಗ ಹೋಗಬಹುದು, ಹೇಗೆ ಹೋಗಬಹುದು ಎಂದು ಸರ್ಜನ್ನರನ್ನೇ ಕೇಳಿ. ಮೊಣಕಾಲು, ಸೊಂಟದ ಆಪರೇಶನ್ ಆದವರು ಕಾಲು ಅಲುಗಾಡಿಸದೆ ದೂರ ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಖರ್ಚು ಉಳಿಯಲೆಂದು ಅದೇ ರಾತ್ರಿ ಬಸ್ಸು ಹತ್ತಬೇಡಿ. ಹೊಲಿಗೆ ಬಿಚ್ಚುವುದು, ಡ್ರೆಸ್ಸಿಂಗ್, ವ್ಯಾಯಾಮ ಇವನ್ನು ಊರಿನಲ್ಲೇ ಮಾಡಿಸಬಹುದೇ ಎಂದು ವಿಚಾರಿಸಿ, ಊರಿನ ವೈದ್ಯರಿಗೆ ಒಂದು ಪತ್ರ ಬರೆಸಿಕೊಳ್ಳಿ. ಜ್ವರ ಬಂದರೆ, ಗಾಯ ಒಸರಿದರೆ, ಮೀನಖಂಡ ಊದಿದರೆ, ಉಸಿರಾಡಲು ಕಷ್ಟವಾದರೆ ಯಾವ ನಂಬರಿಗೆ ಕರೆ ಮಾಡಬೇಕೆಂದು ಬರೆದುಕೊಳ್ಳಿ.

ಕೊನೆಯ ಮಾತು ಪುಣೆಯ ಕನ್ನಡಿಗರಿಗೆ. ಈ ಊರಿನಲ್ಲಿ ನಮಗೆ ನೆಲೆಯಿದೆ. ಕನ್ನಡ ಸಂಘವಿದೆ, ಅದು ನಡೆಸುವ ಕಾವೇರಿ ಶಾಲೆಗಳಿವೆ, ವೈದ್ಯರಾಗಿದ್ದ ಡಾ. ಶಾಮರಾವ್ ಕಲ್ಮಾಡಿಯವರ ಹೆಸರಿನ ಕನ್ನಡ ಪ್ರೌಢಶಾಲೆಯಿದೆ. ಬಂಟರ ಸಂಘವಿದೆ, ಪೇಠೆ ಪೇಠೆಗೂ ಉಡುಪಿಯವರ ಹೋಟೆಲುಗಳಿವೆ. ಹಿಂಜವಡಿಯ ಕಂಪನಿಗಳಲ್ಲಿ, ಇಲ್ಲಿಯ ಮೆಡಿಕಲ್, ನರ್ಸಿಂಗ್ ಕಾಲೇಜುಗಳಲ್ಲಿ ನಮ್ಮ ಮಕ್ಕಳಿದ್ದಾರೆ. ರಾಜ್ಯೋತ್ಸವಕ್ಕೆ ಸೇರುವ ನಾವು ಇದಕ್ಕೂ ಸೇರೋಣ. ಪ್ರತಿ ದೊಡ್ಡ ಆಸ್ಪತ್ರೆಯ ಸುತ್ತಲಿನ ಬಡಾವಣೆಯಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಬಲ್ಲ ಐದಾರು ಜನರ ಹೆಸರು, ಅವರು ಸಿಗುವ ಹೊತ್ತು ಇರುವ ಒಂದು ಪಟ್ಟಿ ಮಾಡೋಣ. ಒಪ್ಪಿಗೆ ಪತ್ರ ಓದಿ ಹೇಳಲು ಅರ್ಧ ಗಂಟೆ ಸಾಕು. ಆದಾಯ ಪ್ರಮಾಣಪತ್ರ ಹಿಡಿದು ಸಮಾಜಸೇವಾ ವಿಭಾಗಕ್ಕೆ ಜೊತೆಯಾಗಿ ಹೋಗಲು ಒಂದು ಮುಂಜಾನೆ ಸಾಕು. ಎರಡು ಭಾಷೆಯ ಆ ಹಾಳೆಯನ್ನು ಅಚ್ಚು ಹಾಕಿಸಿ ಆಸ್ಪತ್ರೆಗಳ ಸ್ವಾಗತ ಕೌಂಟರಿನಲ್ಲಿಡಲು ಕೇಳಿಕೊಳ್ಳೋಣ. ಮರಾಠಿ ನೆರೆಹೊರೆಯವರು ಇಂಥ ಕೆಲಸಕ್ಕೆ ಬೇಡ ಎನ್ನುವವರಲ್ಲ.

ಬರುವ ಬಂಧುಗಳೇ, ತಾರೀಕು ನಿಗದಿಯಾದ ದಿನವೇ ಇಲ್ಲಿರುವ ಒಬ್ಬ ಕನ್ನಡಿಗನಿಗೆ ಫೋನ್ ಮಾಡಿ. ಪುಣೆಯ ಬಂಧುಗಳೇ, ಆ ಫೋನ್ ಬಂದಾಗ ಎತ್ತಿಕೊಳ್ಳಿ.

ಇಂತಿ ನಿಮ್ಮವ,
ಪುಣೆಯ ಒಬ್ಬ ಕನ್ನಡಿಗ